ಬೆಂಗಳೂರೋ, ಮಂಗಳೂರೋ, ಕೊಚ್ಚಿಯೋ: ಕಾಸರಗೋಡಿನ ಯುವ ಕನ್ನಡಿಗರು ದುಡಿಯುವ ಊರನ್ನು ಆರಿಸುವ ಬಗೆ

ಪರೀಕ್ಷೆಯ ಫಲಿತಾಂಶ ಬಂದು ಕೆಲಸದ ಕರೆಗಳು ಕೈಸೇರುವ ಹೊತ್ತಿಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬದಿಯಡ್ಕದವಳಿಗೆ ಬೆಂಗಳೂರಿನಿಂದಲೂ ಕರೆ ಬಂದಿದೆ, ಮಂಗಳೂರಿನಿಂದಲೂ ಬಂದಿದೆ. ಉಪ್ಪಳದವನಿಗೆ ಕೊಚ್ಚಿಯಲ್ಲಿ ಸಂದರ್ಶನ ಮುಗಿದಿದೆ, ಅತ್ತ ಸೋದರಮಾವ ದುಬೈಗೆ ಬಂದುಬಿಡು ಎನ್ನುತ್ತಿದ್ದಾರೆ. ಮುಳ್ಳೇರಿಯದ ಇನ್ನೊಬ್ಬನಿಗೆ ಮನೆಯಲ್ಲಿ ಅಡಕೆ ತೋಟವಿದೆ, ಅಪ್ಪನಿಗೆ ವಯಸ್ಸಾಗಿದೆ, ಆದರೂ ಓದಿದ್ದು ಕಂಪ್ಯೂಟರ್ ವಿಜ್ಞಾನ. ಇವರೆಲ್ಲರ ಮೊಬೈಲ್‌ನಲ್ಲಿ ಯಾರೋ ಕಳುಹಿಸಿದ ಒಂದು ಪಟ್ಟಿ ಇದ್ದೇ ಇರುತ್ತದೆ: ಯುವ ಉದ್ಯೋಗಿಗಳಿಗೆ ದೇಶದ ಅತ್ಯುತ್ತಮ ಹತ್ತು ನಗರಗಳು. ಆ ಪಟ್ಟಿಯ ಮೊದಲ ಹೆಸರು ನೋಡಿ ಬಸ್ ಹತ್ತುವ ಮೊದಲು ಇದನ್ನು ಓದಿ ಎಂದು ನನ್ನ ಕೋರಿಕೆ.

ಪಟ್ಟಿ ಹೇಗೆ ಆಗುತ್ತದೆ

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚ್‌ನಲ್ಲಿ ಸುಗಮ ಜೀವನ ಸೂಚ್ಯಂಕವನ್ನು ಪ್ರಕಟಿಸಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ 49 ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ. ಮರುವರ್ಷ, 2022ರಲ್ಲಿ, ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಎಂಬ ಸಂಶೋಧನಾ ಸಂಸ್ಥೆ ವಾಸಯೋಗ್ಯ ನಗರಗಳ ತನ್ನ ಜಾಗತಿಕ ಪಟ್ಟಿಯನ್ನು ಹೊರಡಿಸಿದಾಗ ಅದೇ ಬೆಂಗಳೂರು 146ನೆಯ ಸ್ಥಾನದಲ್ಲಿತ್ತು. ಪಟ್ಟಿಯಲ್ಲಿದ್ದ ಭಾರತದ ಐದು ನಗರಗಳಲ್ಲಿ ಕಟ್ಟಕಡೆಯದು. ಒಂದು ವರ್ಷದಲ್ಲಿ ಊರೇನೂ ಕೆಟ್ಟುಹೋಗಿರಲಿಲ್ಲ. ಅಳೆದ ಕೋಲು ಬೇರೆಯಾಗಿತ್ತು, ಅಷ್ಟೇ.

ಸಚಿವಾಲಯದ ಲೆಕ್ಕದಲ್ಲಿ ಜೀವನಮಟ್ಟಕ್ಕೆ ಶೇ. 35, ಸುಸ್ಥಿರತೆಗೆ ಶೇ. 20, ಆರ್ಥಿಕ ಸಾಮರ್ಥ್ಯಕ್ಕೆ ಶೇ. 15 ಮತ್ತು ನಾಗರಿಕರ ಅಭಿಪ್ರಾಯಕ್ಕೆ ಶೇ. 30 ಅಂಕ. ಆರ್ಥಿಕ ಸಾಮರ್ಥ್ಯದಲ್ಲಿ ಬೆಂಗಳೂರು ಉಳಿದ ನಗರಗಳನ್ನು ಬಹಳ ಹಿಂದೆ ಹಾಕಿತ್ತು. ಎಕನಾಮಿಸ್ಟ್ ಲೆಕ್ಕವೇ ಬೇರೆ: ಸ್ಥಿರತೆಗೆ 25, ಸಂಸ್ಕೃತಿ ಮತ್ತು ಪರಿಸರಕ್ಕೆ 25, ಆರೋಗ್ಯ ಸೇವೆಗೆ 20, ಮೂಲಸೌಕರ್ಯಕ್ಕೆ 20, ಶಿಕ್ಷಣಕ್ಕೆ 10. ಕೆಲಸ ಸಿಗುವುದು ಎಷ್ಟು ಸುಲಭ, ಬಾಡಿಗೆ ಎಷ್ಟು ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಅಂಕವೇ ಇಲ್ಲ. ಇಪ್ಪತ್ತಮೂರರ ಹರೆಯದವರಿಗೆ ಮೊದಲು ಬೇಕಾದ ಎರಡು ಸಂಗತಿಗಳನ್ನೇ ಬಿಟ್ಟು ಮಾಡಿದ ಪಟ್ಟಿ ಅದು.

ಮರ್ಸರ್ ಸಂಸ್ಥೆಯ ಪಟ್ಟಿಯೂ ಆಗಾಗ ಸುದ್ದಿಯಾಗುತ್ತದೆ. ಅದು ಹುಟ್ಟಿದ್ದು ಬಹುರಾಷ್ಟ್ರೀಯ ಕಂಪನಿಗಳಿಗಾಗಿ. ಬೇರೆ ದೇಶಕ್ಕೆ ಕಳುಹಿಸುವ ನೌಕರನಿಗೆ ಎಷ್ಟು ಹೆಚ್ಚುವರಿ ಭತ್ಯೆ ಕೊಡಬೇಕೆಂದು ತೀರ್ಮಾನಿಸಲು ಅವರಿಗೆ ಅಂಥ ಲೆಕ್ಕ ಬೇಕು. ವಿಯೆನ್ನಾದಿಂದ ಬೆಂಗಳೂರಿಗೆ ಬರುವ ಅಧಿಕಾರಿಗೆ ಉಪಯೋಗವಾಗುವ ಅಂಕ ವರ್ಕಾಡಿಯಿಂದ ಹೊರಟವರಿಗೆ ಹೊಂದುವುದಿಲ್ಲ. ನಂಬಿಯೋ ಜಾಲತಾಣದ ಅಂಕಗಳು ಬಳಕೆದಾರರೇ ತುಂಬಿದ ಉತ್ತರಗಳಿಂದ ಬಂದವು. ಚಿಕ್ಕ ಊರುಗಳ ವಿಷಯದಲ್ಲಿ ಉತ್ತರ ಕೊಟ್ಟವರ ಸಂಖ್ಯೆ ಕಡಿಮೆಯಿದ್ದರೆ ಅಂಕ ಬಲು ಸುಲಭವಾಗಿ ಏರುಪೇರಾಗುತ್ತದೆ. ಹುಡುಗಿಯರು ಗಮನಿಸಬೇಕಾದದ್ದು ಚೆನ್ನೈನ ಅವತಾರ್ ಸಂಸ್ಥೆ ದುಡಿಯುವ ಮಹಿಳೆಯರಿಗಾಗಿಯೇ ಸಿದ್ಧಪಡಿಸುವ ಪಟ್ಟಿ. ಸುರಕ್ಷತೆ ಮತ್ತು ಜೀವನಸ್ಥಿತಿಯ ಜೊತೆಗೆ ಅಲ್ಲಿನ ಉದ್ಯಮಗಳು ಮಹಿಳೆಯರನ್ನು ಎಷ್ಟು ಒಳಗೊಳ್ಳುತ್ತವೆ ಎಂಬುದನ್ನೂ ಅದು ತೂಗುತ್ತದೆ. 2024ರ ಪಟ್ಟಿಯಲ್ಲಿ ಬೆಂಗಳೂರು ಮೊದಲನೆಯದಾಗಿತ್ತು. ಯಾರಿಗಾಗಿ ಎಂಬುದನ್ನು ಮೊದಲೇ ಹೇಳಿಕೊಂಡು ಮಾಡಿದ ಪಟ್ಟಿಯಾದ್ದರಿಂದ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಾಸರಗೋಡು ಈ ಯಾವ ಪಟ್ಟಿಯಲ್ಲೂ ಇಲ್ಲ. ಕಾಸರಗೋಡಿನವರ ಅಗತ್ಯಗಳೂ ಇಲ್ಲ.

ನಮ್ಮ ಅಳತೆಗೋಲು

ಹಾಗಾದರೆ ನಾವು ಯಾವುದನ್ನು ತೂಗಬೇಕು? ಮೊದಲನೆಯದು ಕೆಲಸದ ಆಳ. ಈಗ ಸಿಕ್ಕಿರುವ ಕೆಲಸದ ಮಾತಲ್ಲ ಇದು. ಆ ಕೆಲಸ ನಾಳೆ ಹೋದರೆ ಅದೇ ಊರಿನಲ್ಲಿ ಅದೇ ವಿದ್ಯೆಗೆ ಮತ್ತೊಂದು ಬಾಗಿಲು ಇದೆಯೇ ಎಂಬುದು. ಎರಡನೆಯದು ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು. ಸಂಬಳದ ಅಂಕಿಯನ್ನು ಇದರೊಂದಿಗೆ ಬೆರೆಸಬಾರದು. ಮೂರನೆಯದು ದಿನವೂ ದಾರಿಯಲ್ಲಿ ಕಳೆಯುವ ಹೊತ್ತು. ನಾಲ್ಕನೆಯದು ಭಾಷೆ: ಕಚೇರಿಯಲ್ಲಿ, ಬಾಡಿಗೆ ಮನೆಯ ಮಾಲೀಕರ ಹತ್ತಿರ, ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಯಾವ ಭಾಷೆಯಲ್ಲಿ ಧೈರ್ಯವಾಗಿ ಮಾತನಾಡಬಲ್ಲಿರಿ ಎಂಬುದು. ಐದನೆಯದು ಮನೆಗೆ ಇರುವ ದೂರ, ಮನೆಗೆ ನಿಮ್ಮಿಂದ ಇರುವ ಅಗತ್ಯ. ಆರನೆಯದನ್ನು ಗಡಿಯಲ್ಲಿ ಹುಟ್ಟಿದವರು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ರಾಜ್ಯ ದಾಟುವುದರ ಕಾಗದಪತ್ರ.

ಇವುಗಳಿಗೆ ಎಷ್ಟೆಷ್ಟು ತೂಕ ಎಂಬುದನ್ನು ನೀವೇ ಬರೆದುಕೊಳ್ಳಬೇಕು. ಉತ್ತರ ಹುಟ್ಟುವುದೇ ಅಲ್ಲಿ. ಆರರಲ್ಲಿ ನಾಲ್ಕನ್ನೇ ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ಅಂಕಗಳು ಉದಾಹರಣೆಗೆ ನಾನೇ ಕೊಟ್ಟವು. ಹತ್ತರಲ್ಲಿ ಬೆಂಗಳೂರಿಗೆ ಕೆಲಸದ ಆಳದಲ್ಲಿ 9, ಖರ್ಚಿನಲ್ಲಿ 4, ದಾರಿಯ ಹೊತ್ತಿನಲ್ಲಿ 3, ಮನೆಯ ಸಾಮೀಪ್ಯದಲ್ಲಿ 4 ಎಂದಿರಲಿ. ಮಂಗಳೂರಿಗೆ ಕ್ರಮವಾಗಿ 5, 7, 7, 9. ಮನೆಯ ಹೊಣೆಯಿಲ್ಲದ ತಂತ್ರಾಂಶ ಪದವೀಧರೆ ಇವುಗಳಿಗೆ ಶೇ. 60, 15, 15, 10ರಂತೆ ತೂಕ ಕೊಟ್ಟರೆ ಬೆಂಗಳೂರಿಗೆ 6.85, ಮಂಗಳೂರಿಗೆ 6 ಬರುತ್ತದೆ. ತೋಟವಿರುವ ಮನೆಯ ಒಬ್ಬನೇ ಮಗ ಶೇ. 30, 20, 20, 30 ಎಂದು ಹಂಚಿದರೆ ಬೆಂಗಳೂರು 5.3ಕ್ಕೆ ಇಳಿಯುತ್ತದೆ, ಮಂಗಳೂರು 7ಕ್ಕೆ ಏರುತ್ತದೆ. ಊರುಗಳ ಅಂಕ ಒಂದಿಷ್ಟೂ ಬದಲಾಗಲಿಲ್ಲ, ಸ್ಥಾನ ಮಾತ್ರ ತಲೆಕೆಳಗಾಯಿತು.

ಬೆಂಗಳೂರು

ಕೆಲಸದ ಆಳದಲ್ಲಿ ಬೆಂಗಳೂರಿಗೆ ಸಾಟಿಯಿಲ್ಲ. ತಂತ್ರಾಂಶ, ಜೀವವಿಜ್ಞಾನ, ವಿಮಾನ ತಂತ್ರಜ್ಞಾನ, ವಿನ್ಯಾಸ, ಕನ್ನಡ ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳು, ಯಾವುದೇ ಇರಲಿ, ಒಂದು ಕಂಪನಿ ಬಿಟ್ಟರೆ ಮತ್ತೊಂದು ಇದೆ. ಮೊದಲ ನಾಲ್ಕೈದು ವರ್ಷ ವೇಗವಾಗಿ ಕಲಿಯುವ ಹಂಬಲವಿರುವವರಿಗೆ ಅಕ್ಕಪಕ್ಕದ ಮೇಜಿನಲ್ಲಿ ತನಗಿಂತ ಚೆನ್ನಾಗಿ ಬಲ್ಲವರು ಕೂತಿರುವುದೇ ದೊಡ್ಡ ಲಾಭ. ಈ ಕಾರಣಕ್ಕೆ, ವಿದ್ಯೆ ತೀರಾ ವಿಶೇಷವಾದದ್ದಾಗಿದ್ದರೆ ಉಳಿದ ತೊಂದರೆಗಳನ್ನು ಸಹಿಸಿಕೊಂಡಾದರೂ ಬೆಂಗಳೂರಿಗೆ ಹೋಗಿ ಎಂದೇ ನಾನು ಹೇಳುತ್ತೇನೆ.

ತೊಂದರೆಗಳು ಸಣ್ಣವಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕಾಗಿತ್ತು. ಆ ವರ್ಷ ಜಗತ್ತಿನಲ್ಲೇ ಮೂರನೆಯ ಅತಿ ನಿಧಾನದ ನಗರ ಅದು. ಆದ್ದರಿಂದ ಅಲ್ಲಿ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಮೆಟ್ರೊ ನಿಲ್ದಾಣವನ್ನು ನೋಡಬೇಕು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣವಾಯಿತು. ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಕಚೇರಿ ಈ ಮಾರ್ಗಗಳ ಬಳಿಯಿದ್ದರೆ ದಿನ ಸಹನೀಯವಾಗುತ್ತದೆ, ಇಲ್ಲದಿದ್ದರೆ ಸಂಬಳದ ಒಂದು ಭಾಗವನ್ನು ರಸ್ತೆಗೆ ಕೊಟ್ಟಂತೆಯೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಹಲವು ಬಡಾವಣೆಗಳು ಟ್ಯಾಂಕರ್ ನೀರಿಗೆ ಕಾದದ್ದನ್ನೂ ನೆನಪಿಡಿ. ಮನೆ ನೋಡಲು ಹೋದಾಗ ಕಾವೇರಿ ನೀರು ಬರುತ್ತದೆಯೇ ಎಂದು ಮಾಲೀಕರನ್ನು ಕೇಳಿ, ಪಕ್ಕದ ಮನೆಯವರನ್ನೂ ಕೇಳಿ. ಮುಂಗಡದ ಹಣ ಹಲವು ತಿಂಗಳ ಬಾಡಿಗೆಯಷ್ಟು ಆಗುವುದರಿಂದ ಮೊದಲ ವರ್ಷ ಪಿಜಿಯೇ ಲೇಸು.

ಊರಿಗೆ ಬರುವ ದಾರಿ ಇನ್ನೊಂದು ವಿಷಯ. ರಾತ್ರಿ ರೈಲು ಮಂಗಳೂರು ದಾಟಿ ಕಾಸರಗೋಡಿಗೆ ಬರುತ್ತದೆ. ಬಸ್ಸುಗಳು ಶಿರಾಡಿ ಘಾಟಿಯಿಂದಲೋ ಮಡಿಕೇರಿ, ಸುಳ್ಯದ ಮೂಲಕವೋ ಬರುತ್ತವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆಗುವುದು ಹೊಸ ಸುದ್ದಿಯಲ್ಲ. ನಮ್ಮ ಮನೆಗಳಿಗೆ ಮಕ್ಕಳು ಅತಿ ಅಗತ್ಯವಾಗಿ ಬೇಕಾಗುವುದೂ ಆ ತಿಂಗಳುಗಳಲ್ಲೇ. ಜೂನ್, ಜುಲೈಯಲ್ಲಿ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಅಡಕೆಗೆ ಮದ್ದು ಬಿಡಬೇಕು. ಮೈಲುತುತ್ತು ಒಂದು ಕಡೆ, ಸುಣ್ಣ ಒಂದು ಕಡೆ ಕರಗಿಸಿ, ಬೆರೆಸಿ, ಮರ ಏರುವವನಿಗೆ ಕೆಳಗಿನಿಂದ ಪೈಪು ಎಳೆದುಕೊಡಲು ಒಬ್ಬರು, ಪಂಪಿನ ಹತ್ತಿರ ಒಬ್ಬರು ಬೇಕು. ಮರ ಏರುವವರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಮಳೆ ನಿಂತಿರಬೇಕು. ಆ ದಿನ ಶನಿವಾರವೇ ಆಗಿರುತ್ತದೆ ಎಂಬ ಭರವಸೆಯಿಲ್ಲ. ಮದ್ದು ತಪ್ಪಿದರೆ ಕೊಳೆರೋಗಕ್ಕೆ ವರ್ಷದ ಬೆಳೆಯೇ ಹೋಗಬಹುದು. ಬೆಂಗಳೂರಿನ ಕೆಲಸ ಒಪ್ಪುವ ಮೊದಲು ತೋಟದ ಮನೆಯವರು ಕೇಳಲೇಬೇಕಾದ ಮಾತು: ವರ್ಷದಲ್ಲಿ ಒಂದೆರಡು ವಾರ ಮನೆಯಿಂದ ಕೆಲಸ ಮಾಡಲು ಬಿಡುತ್ತೀರಾ?

ಮಂಗಳೂರು

ಮಂಗಳೂರನ್ನು ನಮ್ಮವರು ಬೆಂಗಳೂರು ಸಿಗದವರ ಊರು ಎಂದು ನೋಡುವುದುಂಟು. ಇದು ನನಗೆ ಒಪ್ಪಿಗೆಯಿಲ್ಲದ ಮಾತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ವರ್ಕಾಡಿ, ಬಾಕ್ರಬೈಲು ಕಡೆಯವರಿಗಂತೂ ಇನ್ಫೋಸಿಸ್ ಇರುವ ಮುಡಿಪು, ವಿಶ್ವವಿದ್ಯಾಲಯವಿರುವ ಕೊಣಾಜೆ, ಆಸ್ಪತ್ರೆಗಳ ದೇರಳಕಟ್ಟೆ ಇವೆಲ್ಲ ಮಂಗಳೂರು ಪೇಟೆಗಿಂತಲೂ ಹತ್ತಿರ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಅಗಲಗೊಂಡ ಮೇಲೆ ದಾರಿಯೂ ಹಗುರಾಗಿದೆ. ಮನೆಯಲ್ಲೇ ಮಲಗಿ, ಮನೆಯ ಊಟ ಉಂಡು ನಗರದಲ್ಲಿ ದುಡಿಯುವ ಅವಕಾಶ ದೇಶದಲ್ಲಿ ಎಷ್ಟು ಜನರಿಗಿದೆ?

ಹಣದ ಲೆಕ್ಕವನ್ನು ಬಿಡಿಸಿ ನೋಡಿ. ಬೆಂಗಳೂರಿನಲ್ಲಿ ತಿಂಗಳಿಗೆ 45,000 ರೂಪಾಯಿ, ಮಂಗಳೂರಿನಲ್ಲಿ 28,000 ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಊಟ ಸಹಿತ ಪಿಜಿಗೆ 12,000, ಹೊರಗಿನ ತಿಂಡಿ ಚಹಾಕ್ಕೆ 4,000, ಓಡಾಟಕ್ಕೆ 3,000, ಎರಡು ಸಲ ಊರಿಗೆ ಬಂದುಹೋಗಲು 4,000 ಕಳೆದರೆ 22,000 ಉಳಿಯುತ್ತದೆ. ಇಲ್ಲಿ ಮನೆಯಿಂದ ಹೋಗಿಬರುವ ಖರ್ಚು 2,500, ಮಧ್ಯಾಹ್ನದ ಊಟ ಚಹಾಕ್ಕೆ 2,500 ಕಳೆದರೆ ಉಳಿದದ್ದು 23,000. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಹದಿನೇಳು ಸಾವಿರದ ಅಂತರ ಕರಗಿಹೋಗುವುದನ್ನು ಕಂಡು ಬಹಳ ಮಂದಿ ಬೆರಗಾಗುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ನಾಲ್ಕನೆಯ ವರ್ಷದ ಲೆಕ್ಕವನ್ನೂ ಮಾಡಿ. ಬೆಂಗಳೂರಿನಲ್ಲಿ ಕಂಪನಿ ಬದಲಿಸಿದಾಗ ಸಂಬಳ ಜಿಗಿಯುತ್ತದೆ, ಖರ್ಚು ಅಷ್ಟೇ ವೇಗದಲ್ಲಿ ಏರುವುದಿಲ್ಲ. ಮಂಗಳೂರಿನಲ್ಲಿ ಹಾರಲು ಇರುವ ಕೊಂಬೆಗಳು ಕಡಿಮೆ.

ಮಂಗಳೂರಿನ ಕೊರತೆ ಇದೇ. ಹಣಕಾಸು ಓದಿದವರನ್ನು ನೋಡಿ. ಬ್ಯಾಂಕುಗಳ ತವರು ಎನಿಸಿದ್ದ ನಾಡಿದು. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ವಿಲೀನಗೊಂಡವು. ಮಂಗಳೂರಿನಲ್ಲೇ ಪ್ರಧಾನ ಕಚೇರಿ ಉಳಿಸಿಕೊಂಡಿರುವುದು 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕ್. ವೈದ್ಯಕೀಯ, ಶುಶ್ರೂಷೆ, ಔಷಧ, ಬೋಧನೆ, ಬಂದರು, ತೈಲ ಶುದ್ಧೀಕರಣ ಇಂಥ ಕ್ಷೇತ್ರದವರಿಗೆ ಮಾತ್ರ ಮಂಗಳೂರು ಆಳವುಳ್ಳ ಊರು. ನರ್ಸಿಂಗ್ ಓದಿದ ಹುಡುಗಿ ಬೆಂಗಳೂರಿಗೆ ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ.

ದಿನವೂ ಹೋಗಿಬರುವ ವಿಷಯದಲ್ಲಿ ಕರಾವಳಿಯವರಿಗೂ ಒಳನಾಡಿನವರಿಗೂ ಬಹಳ ವ್ಯತ್ಯಾಸವಿದೆ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ರೈಲಿನ ಸೀಸನ್ ಟಿಕೆಟ್ ಇದೆ. ಬಸ್ಸಿನ ಖರ್ಚಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರಿನವರಿಗೆ ರೈಲಿಲ್ಲ. ಬಸ್ಸು ಹಿಡಿದು ಕುಂಬಳೆಗೋ ಕಾಸರಗೋಡಿಗೋ ಇಳಿದು ಮತ್ತೆ ಮಂಗಳೂರಿಗೆ ಹತ್ತಬೇಕು. ಸಂಜೆ ಕಚೇರಿ ಬಿಡುವುದು ಒಂದು ಗಂಟೆ ತಡವಾದರೆ ಒಳದಾರಿಯ ಕೊನೆಯ ಬಸ್ಸು ತಪ್ಪುತ್ತದೆ. ರಾತ್ರಿ ಪಾಳಿಯ ಕೆಲಸವಂತೂ ಇವರಿಗೆ ಮನೆಯಿಂದ ಆಗದ ಮಾತು. ಅಂಥವರು ತೊಕ್ಕೊಟ್ಟು, ದೇರಳಕಟ್ಟೆ ಕಡೆ ಕೋಣೆ ಹಿಡಿದು ವಾರಕ್ಕೊಮ್ಮೆ ಮನೆಗೆ ಬರುವುದು ಮೇಲು. ಆಗಲೂ ಖರ್ಚು ಬೆಂಗಳೂರಿನಷ್ಟಾಗದು, ತೋಟಕ್ಕೆ ಮದ್ದು ಬಿಡುವ ದಿನ ಬೆಳಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಮನೆಯಲ್ಲಿರಬಹುದು.

ಗಡಿಯ ಮಾತನ್ನೂ ಇಲ್ಲೇ ಹೇಳಬೇಕು. ಕೊರೋನಾ ಹಬ್ಬಿದ 2020ರ ಮಾರ್ಚ್‌ನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ನ್ಯಾಯಾಲಯದವರೆಗೆ ಹೋಯಿತು. 2021ರಲ್ಲಿ ಕೇರಳದಿಂದ ಬರುವವರು ಆರ್‌ಟಿಪಿಸಿಆರ್ ವರದಿ ತೋರಿಸಬೇಕಾಗಿ ಬಂದು ದಿನವೂ ಹೋಗಿಬರುವವರು, ವಿದ್ಯಾರ್ಥಿಗಳು ಬಸವಳಿದರು. ನಿತ್ಯ ನಾವು ಗಮನಿಸದೆ ದಾಟುವ ಆ ಗೆರೆ ಒಂದು ದಿನ ಗೋಡೆಯಾಗಬಹುದು. ಇದಕ್ಕಾಗಿ ಮಂಗಳೂರನ್ನು ಬಿಡಬೇಕಿಲ್ಲ. ಕೆಲಸದ ಊರಿನಲ್ಲಿ ತುರ್ತಿಗೆ ತಂಗಲು ಒಬ್ಬ ನಂಟನೋ ಗೆಳತಿಯೋ ಇರಲಿ.

ಕೊಚ್ಚಿ

ಕೇರಳದೊಳಗೇ ಇರಬೇಕೆನ್ನುವವರಿಗೆ ಕೊಚ್ಚಿ ಒಳ್ಳೆಯ ಊರು. ತಂತ್ರಾಂಶ ಕಂಪನಿಗಳ ತಾಣವಾದ ಕಾಕ್ಕನಾಡಿನ ಇನ್ಫೋಪಾರ್ಕ್ 2004ರಿಂದ ಇದೆ, ಮೆಟ್ರೊ 2017ರಲ್ಲಿ, ದ್ವೀಪಗಳನ್ನು ಜೋಡಿಸುವ ವಾಟರ್ ಮೆಟ್ರೊ 2023ರಲ್ಲಿ ಬಂತು. ಹಡಗು ನಿರ್ಮಾಣ, ಬಂದರು, ಪ್ರವಾಸೋದ್ಯಮ, ತಂತ್ರಾಂಶ ಎಲ್ಲಕ್ಕೂ ಅವಕಾಶವಿದೆ. ವಂದೇ ಭಾರತ್ ಬಂದ ಮೇಲೆ ಕಾಸರಗೋಡಿನಿಂದ ಸುಮಾರು ಐದು ಗಂಟೆಯಲ್ಲಿ ತಲುಪಬಹುದು, ಘಾಟಿಯ ಭಯವಿಲ್ಲ. ಕಾಗದಪತ್ರದ ತಲೆನೋವೂ ಇಲ್ಲ: ಪಡಿತರ ಚೀಟಿ, ಪಿಎಸ್‌ಸಿ (ಲೋಕಸೇವಾ ಆಯೋಗ) ನೋಂದಣಿ ಯಾವುದಕ್ಕೂ ರಾಜ್ಯ ಬದಲಾಗುವುದಿಲ್ಲ. ಕಾಸರಗೋಡಿನ ಕೆಎಲ್ 14 ನೋಂದಣಿಯ ಬೈಕನ್ನು ಕೊಚ್ಚಿಗೆ ಒಯ್ದರೆ ಯಾರೂ ಕೇಳುವುದಿಲ್ಲ. ಅದೇ ಬೈಕನ್ನು ಬೆಂಗಳೂರಿಗೆ ಒಯ್ದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಹಳೆಯ ಬೈಕಾದರೆ ಊರಲ್ಲೇ ಬಿಟ್ಟುಹೋಗಿ.

ತಡೆಯೆಂದರೆ ಭಾಷೆ. ನಮ್ಮಲ್ಲಿ ಹೆಚ್ಚಿನವರು ಪೇಟೆಯ ಮಲಯಾಳವನ್ನು ಮಾತನಾಡುತ್ತಾರೆ, ಆದರೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಓದುವುದು ನಿಧಾನ, ಬರೆಯುವುದು ಇನ್ನೂ ಕಷ್ಟ. ತಂತ್ರಾಂಶ ಕಂಪನಿಯಲ್ಲಿ ಇದು ಅಡ್ಡಿಯಾಗದು. ಮಾರಾಟ, ಆಸ್ಪತ್ರೆ, ಕಾನೂನು, ಪತ್ರಿಕೆ ಇಂಥ ಕೆಲಸಗಳಲ್ಲಿ ದಿನವೂ ಎದುರಾಗುತ್ತದೆ. ಆರು ತಿಂಗಳು ಕೂತು ಲಿಪಿ ಕಲಿಯುವ ಮನಸ್ಸಿದ್ದರೆ ಕೊಚ್ಚಿ ತೆರೆದುಕೊಳ್ಳುತ್ತದೆ. ತುಳು, ಕನ್ನಡ, ಮಲಯಾಳದ ನಡುವೆ ಬೆಳೆದ ನಮಗೆ ಕಲಿಕೆ ಭಾರವಾಗಬಾರದು. ಆದರೆ ಶನಿವಾರ ರಾತ್ರಿ ತಾಳಮದ್ದಳೆ ಕೇಳದೆ ವಾರ ಮುಗಿಯದು ಎನ್ನುವವರಿಗೆ ಅಲ್ಲಿ ಒಂಟಿತನ ಕಾಡೀತು.

ಉಳಿದ ದಾರಿಗಳು

ಮೈಸೂರನ್ನು ಹೆಚ್ಚಿನವರು ಮರೆಯುತ್ತಾರೆ. ಬಾಡಿಗೆ ಕಡಿಮೆ, ದಾರಿ ಸುಳ್ಯ, ಮಡಿಕೇರಿಯ ಮೂಲಕ, ಅಡೂರು, ಮುಳ್ಳೇರಿಯದವರಿಗೆ ಅನುಕೂಲ. ಕೆಲಸದ ಆಳ ಮಾತ್ರ ಮಂಗಳೂರಿನ ಹಾಗೆಯೇ ಸೀಮಿತ. ದುಬೈ, ಅಬುಧಾಬಿಯ ಆಕರ್ಷಣೆ ಸರಳ: ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಮಂಗಳೂರು, ಕಣ್ಣೂರು ಎರಡೂ ಕಡೆಯಿಂದ ವಿಮಾನವಿದೆ. ಆದರೆ ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ, ಕೆಲಸ ಹೋದರೆ ಉಳಿಯಲು ಸಿಗುವ ಕಾಲ ಸ್ವಲ್ಪವೇ. ಮನೆಯ ಸಾಲ ತೀರಿಸುವ ಗುರಿ ಇದ್ದವರು ಅವಧಿ ನಿಗದಿ ಮಾಡಿಕೊಂಡು ಹೋಗಲಿ. ವೃತ್ತಿ ಕಟ್ಟುವವರು ಎರಡು ಮೂರು ವರ್ಷದ ಅನುಭವ ಇಲ್ಲೇ ಗಳಿಸಿ ಹೋದರೆ ಸಿಗುವ ಹುದ್ದೆಯೇ ಬೇರೆ.

ಊರಲ್ಲೇ ಉಳಿಯುವುದೂ ಒಂದು ಆಯ್ಕೆ. ಕಾಸರಗೋಡಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಪಿಎಸ್‌ಸಿ ಈ ಜಿಲ್ಲೆಯಲ್ಲಿ ಕರೆಯುವ ಹುದ್ದೆಗಳಿವೆ, ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕ ಹುದ್ದೆಗಳೂ ಇವೆ. ಪೈಪೋಟಿ ರಾಜ್ಯದ ಉಳಿದ ಕಡೆಗಿಂತ ಬೇರೆ ಬಗೆಯದು, ಏಕೆಂದರೆ ಎರಡು ಭಾಷೆಯ ಅರ್ಹತೆ ಹೊರಗಿನವರಿಗೆ ಸುಲಭವಲ್ಲ. ಬ್ಯಾಂಕ್ ಗುಮಾಸ್ತರ ಪರೀಕ್ಷೆ ಬರೆಯುವವರು ಒಂದು ಸಂಗತಿ ಗಮನಿಸಿ: ಅರ್ಜಿ ಹಾಕುವ ರಾಜ್ಯದ ಭಾಷೆಯನ್ನು ಶಾಲೆಯಲ್ಲಿ ಕಲಿತ ಅಂಕಪಟ್ಟಿಯಿದ್ದರೆ ಪ್ರತ್ಯೇಕ ಭಾಷಾ ಪರೀಕ್ಷೆ ಬೇಕಿಲ್ಲ. ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕರ್ನಾಟಕದ ಹುದ್ದೆಗಳಿಗೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ ಮಳೆಗಾಲದ ವಿದ್ಯುತ್ ಕಡಿತವೇ ಶತ್ರು. ಇನ್ವರ್ಟರ್‌ಗೂ ಎರಡನೆಯ ಇಂಟರ್ನೆಟ್ ಸಂಪರ್ಕಕ್ಕೂ ಮೊದಲ ಸಂಬಳದಲ್ಲೇ ಹಣ ಎತ್ತಿಡಿ.

ಇನ್ನೂ ತೂಗಾಟದಲ್ಲಿರುವವರಿಗೆ ನಾನು ಹೇಳುವುದು ಹೀಗೆ. ವಿದ್ಯೆಗೆ ಮಂಗಳೂರಿನಲ್ಲಿ ಕನಿಷ್ಠ ಮೂರು ಕಂಪನಿಗಳು ಕೆಲಸ ಕೊಡಬಲ್ಲವಾದರೆ ಮತ್ತು ಮನೆ ರೈಲುದಾರಿಯ ಬಳಿಯಿದ್ದರೆ ಮಂಗಳೂರನ್ನೇ ಹಿಡಿಯಿರಿ. ಮೂರು ಹೆಸರು ಹೇಳಲಾಗದಿದ್ದರೆ ಬೆಂಗಳೂರಿಗೆ ಹೋಗಿ, ಆದರೆ ಕಚೇರಿಯ ವಿಳಾಸ ತಿಳಿಯದೆ ಪಿಜಿಗೆ ಮುಂಗಡ ಕೊಡಬೇಡಿ. ಮಲಯಾಳ ಓದಬಲ್ಲವರಾಗಿ ತಂದೆ ತಾಯಿಯ ಆರೋಗ್ಯ ಗಟ್ಟಿಯಾಗಿದ್ದರೆ ಕೊಚ್ಚಿಯ ಕರೆಯನ್ನು ಹಗುರವಾಗಿ ಕಾಣಬೇಡಿ. ಯಾವುದನ್ನು ಒಪ್ಪಿದರೂ ನೇಮಕಾತಿ ಪತ್ರದಲ್ಲಿ ಮೂರು ಸಾಲುಗಳನ್ನು ಹುಡುಕಿ ಓದಿ: ಬಿಡುವ ಮೊದಲು ಎಷ್ಟು ದಿನದ ನೋಟಿಸ್ ಕೊಡಬೇಕು, ಇಂತಿಷ್ಟು ವರ್ಷ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೇ, ಬೇರೆ ಊರಿಗೆ ವರ್ಗ ಮಾಡುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆಯೇ. ಮಂಗಳೂರಿನ ಕೆಲಸವೆಂದು ಸೇರಿದವರನ್ನು ಆರು ತಿಂಗಳಲ್ಲಿ ಪುಣೆಗೆ ಕಳುಹಿಸಲು ಆ ಮೂರನೆಯ ಸಾಲು ಸಾಕಾಗುತ್ತದೆ. ಸಹಿ ಹಾಕುವ ಮೊದಲು ಅದರ ಬಗ್ಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.